ತಳವಾರನ ಸುದ್ದಿಯಿಂದ ಹದಿನಾರು ಅಂಕಿಯವರೆಗೆ

ಸವದತ್ತಿಯಿಂದ ಒಂಬತ್ತು ಕಿಲೋಮೀಟರ್ ದೂರದಲ್ಲಿದೆ ಹೂಲಿ. ಪಂಚಲಿಂಗೇಶ್ವರ ಗುಡಿಯ ಶಿಲ್ಪ ನೋಡಲು ಬರುವವರಿಗೆ ಈ ಊರು ಗೊತ್ತು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಇದರ ಹೆಸರು ಪೂಲಿ. ಸಾವಿರ ಮಹಾಜನರ ಅಗ್ರಹಾರ ಅದು. ದೇವರಿಗೆ ಬಿಟ್ಟ ಭೂಮಿ, ದೀಪಕ್ಕೆ ಬಿಟ್ಟ ಹಣ, ಎಲ್ಲದರ ಲೆಕ್ಕವನ್ನೂ ಕಲ್ಲಿನಲ್ಲಿ ಕೊರೆಸಿ ಇಟ್ಟ ಊರು. ಆಸ್ತಿ ಇದ್ದ ಕಡೆ ಕಾವಲು ಇರಲೇಬೇಕು. ಕಾವಲು ಇದ್ದ ಕಡೆ ಇನ್ನೊಂದು ಪ್ರಶ್ನೆಯೂ ಇರುತ್ತದೆ: ನಡುರಾತ್ರಿ ಬಾಗಿಲು ಮುರಿದರೆ, ಬಣವಿಗೆ ಬೆಂಕಿ ಬಿದ್ದರೆ ಮೊದಲು ಯಾರಿಗೆ ತಿಳಿಯಬೇಕು? ಈಗ ಬ್ಯಾಂಕುಗಳ, ಪತ್ತಿನ ಸಂಘಗಳ ಗೋಡೆಗೆ ನೇತುಬಿದ್ದಿರುವ ಬೆಂಕಿ-ಕಳವು ಅಲಾರಂ ಪೆಟ್ಟಿಗೆ ಹುಟ್ಟಿದ್ದು ಆ ಪ್ರಶ್ನೆಯಿಂದಲೇ.

ನಮ್ಮ ಸೀಮೆಯಲ್ಲಿ ಬಹುಕಾಲ ಅದಕ್ಕೆ ಉತ್ತರ ಮನುಷ್ಯನೇ ಆಗಿದ್ದ. ತಳವಾರ, ವಾಲೀಕಾರ, ಶೇತಸನದಿ ಎಂದು ಕಾವಲಿನವರಿಗೆ ಬೇರೆ ಬೇರೆ ಹೆಸರು, ಬೇರೆ ಬೇರೆ ಕೆಲಸ. ಬೈಲಹೊಂಗಲ ಸೀಮೆಯ ಸಂಗೊಳ್ಳಿ ರಾಯಣ್ಣನೂ ಶೇತಸನದಿಯೇ. ಬ್ರಿಟಿಷರು ಬಂದ ಮೇಲೆ ಈ ಹಳೆಯ ಏರ್ಪಾಡನ್ನು ಪೂರ್ತಿ ಕಿತ್ತುಹಾಕಲಿಲ್ಲ; ಅದಕ್ಕೆ ಕಾಯ್ದೆಯ ಚೌಕಟ್ಟು ಹಾಕಿದರು. ಮುಂಬಯಿ ಸರಕಾರದ 1867ರ ಗ್ರಾಮ ಪೊಲೀಸ್ ಕಾಯ್ದೆಯ ಪ್ರಕಾರ ಊರಲ್ಲಿ ಅಪರಾಧ ನಡೆದರೆ ಮೇಲಿನವರಿಗೆ ವರದಿ ಮಾಡುವುದು ಪೊಲೀಸ್ ಪಾಟೀಲನ ಹೊಣೆ. ಯಾರು, ಯಾರಿಗೆ, ಏನನ್ನು ತಿಳಿಸಬೇಕು ಎಂಬುದು ಬರಹದಲ್ಲಿ ಬಂತು. ಕೂಗಿ ಊರನ್ನು ಎಬ್ಬಿಸುವುದು ಒಂದು ಕೆಲಸ, ಠಾಣೆಗೆ ಸುದ್ದಿ ಮುಟ್ಟಿಸುವುದು ಇನ್ನೊಂದು. ಈ ಎರಡೂ ಬೇರೆ ಎಂಬ ತಿಳಿವಳಿಕೆ ಅಲಾರಂ ಯಂತ್ರಗಳಿಗೂ ಬೇಕಾಯಿತು.

ಆ ಕಾಯ್ದೆಗೂ ಮೊದಲೇ ಅಮೆರಿಕದ ಬಾಸ್ಟನ್ ನಗರ ತಂತಿಯ ದಾರಿ ಹಿಡಿದಿತ್ತು. ವೈದ್ಯಶಾಸ್ತ್ರ ಓದಿದ್ದ ವಿಲಿಯಂ ಚಾನಿಂಗ್ ಮತ್ತು ಮೋಸೆಸ್ ಫಾರ್ಮರ್ ರೂಪಿಸಿದ ಬೆಂಕಿ ಟೆಲಿಗ್ರಾಫ್ ಅಲ್ಲಿ 1852ರ ಏಪ್ರಿಲ್‌ನಲ್ಲಿ ಶುರುವಾಯಿತು. ಬೀದಿ ಬದಿಯ ಪೆಟ್ಟಿಗೆಯ ಹಿಡಿ ತಿರುಗಿಸಿದರೆ ಒಳಗಿನ ಹಲ್ಲುಚಕ್ರ ತಂತಿಯನ್ನು ಬಿಟ್ಟು ಬಿಟ್ಟು ಮುಟ್ಟುತ್ತಿತ್ತು. ಪ್ರತಿ ಪೆಟ್ಟಿಗೆಯ ಚಕ್ರದಲ್ಲೂ ಹಲ್ಲುಗಳ ಕ್ರಮ ಬೇರೆ. ಹಾಗಾಗಿ ಕೇಂದ್ರ ಕಚೇರಿಯಲ್ಲಿ ಕೂತವನಿಗೆ ‘ಬೆಂಕಿ’ ಎಂಬುದರ ಜೊತೆಗೆ ‘ಎಲ್ಲಿ’ ಎಂಬುದೂ ತಿಳಿಯುತ್ತಿತ್ತು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಇಂದಿನ ಅಲಾರಂ ಪೆಟ್ಟಿಗೆಗೆ, ಅಂದರೆ ಪ್ಯಾನೆಲ್ಲಿಗೆ, ತಂತ್ರಜ್ಞ ಕೊಡುವ ನಾಲ್ಕಂಕಿಯ ಖಾತೆ ಸಂಖ್ಯೆಯೂ ಆ ಹಲ್ಲುಚಕ್ರ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತದೆ.

ಕಳವಿನ ಅಲಾರಂ ಹುಟ್ಟಿದ್ದೂ ಆ ಸುತ್ತಿನಲ್ಲೇ. ಬಾಸ್ಟನ್ ಪಕ್ಕದ ಸೊಮರ್‌ವಿಲ್‌ನ ಆಗಸ್ಟಸ್ ಪೋಪ್ 1853ರಲ್ಲಿ ಪೇಟೆಂಟ್ ಪಡೆದ. ಬಾಗಿಲು, ಕಿಟಕಿ ತೆರೆದರೆ ವಿದ್ಯುತ್ ಹರಿದು ಗಂಟೆ ಬಾರಿಸುವ ಏರ್ಪಾಡು ಅದು. ಅದನ್ನು ಕೊಂಡು ವ್ಯಾಪಾರವಾಗಿ ಬೆಳೆಸಿದವ ಎಡ್ವಿನ್ ಹೋಮ್ಸ್. ಗಂಟೆ ಮನೆಯೊಳಗೇ ಬಾರಿಸಿದರೆ ಮಾಲೀಕ ಊರಲ್ಲಿ ಇಲ್ಲದಾಗ ಅದರಿಂದ ಏನು ಲಾಭ? ಆದ್ದರಿಂದ ತಂತಿಗಳನ್ನೆಲ್ಲ ಒಂದು ಕೇಂದ್ರಕ್ಕೆ ಎಳೆದು, ಅಲ್ಲಿ ರಾತ್ರಿಯಿಡೀ ಜನರನ್ನು ಕೂರಿಸುವ ಪದ್ಧತಿ ಬಂತು. ಪ್ರತಿ ಅಂಗಡಿಗೂ ಪ್ರತ್ಯೇಕ ತಂತಿ ಬೇಕಾದ್ದರಿಂದ ಖರ್ಚು ಮಾತ್ರ ವಿಪರೀತ.

ಟೆಲಿಫೋನ್ ಆ ಖರ್ಚನ್ನು ಇಳಿಸಿತು. ಎಲ್ಲರ ಬಳಿ ಇರುವ ದೂರವಾಣಿ ತಂತಿಯ ಮೇಲೆಯೇ ಪ್ಯಾನೆಲ್ ಕೇಂದ್ರಕ್ಕೆ ಕರೆ ಮಾಡಿ, ಅಂಕಿಗಳನ್ನು ನಾಡಿಬಡಿತದ ಹಾಗೆ ಕಳಿಸತೊಡಗಿತು. ಮೂರೋ ನಾಲ್ಕೋ ಅಂಕಿಯ ಖಾತೆ ಸಂಖ್ಯೆ, ಅದರ ಮುಂದೆ ಒಂದೆರಡು ಅಂಕಿಯ ಸಂಕೇತ, ಅಷ್ಟೆ. ಆ ಸಂಕೇತದ ಅರ್ಥವನ್ನು ಪ್ಯಾನೆಲ್ ಕೂರಿಸಿದವನೇ ನಿಗದಿ ಮಾಡುತ್ತಿದ್ದ. ಒಬ್ಬನ ಮೂರು ಬೆಂಕಿ, ಮತ್ತೊಬ್ಬನ ಮೂರು ಕಳವು. ಹಾಳೆಯಲ್ಲಿ ಬರೆದಿಟ್ಟದ್ದು ತಪ್ಪಿದರೆ ಅಗ್ನಿಶಾಮಕ ವಾಹನ ಹೋಗಬೇಕಾದ ಕಡೆ ಪೊಲೀಸರು ಹೋಗುವ ಅಪಾಯ.

ಅಲಾರಂ ತಯಾರಿಸುತ್ತಿದ್ದ ಅಡೆಮ್ಕೊ ಕಂಪನಿ ರೂಪಿಸಿದ ‘ಕಾಂಟ್ಯಾಕ್ಟ್ ಐಡಿ’ ಎಂಬ ಸಂಕೇತ ಪದ್ಧತಿ ಈ ಗೊಂದಲಕ್ಕೆ ತೆರೆ ಎಳೆಯಿತು. 1999ರಲ್ಲಿ ಅದು ಅಮೆರಿಕದ ಭದ್ರತಾ ಉದ್ಯಮ ಸಂಘದ ಮಾನಕವಾಗಿಯೂ ಬಂತು. ಫೋನಿನ ಗುಂಡಿ ಒತ್ತಿದಾಗ ಬರುವ ಸ್ವರಗಳಲ್ಲೇ ಹದಿನಾರು ಅಂಕಿಯ ಸಂದೇಶ. ಉದಾಹರಣೆಗೆ 1234 18 1130 01 003 7. ಮೊದಲ ನಾಲ್ಕು ಅಂಕಿ ಕಟ್ಟಡದ ಖಾತೆ. 18 ಎಂದರೆ ಇದು ಕಾಂಟ್ಯಾಕ್ಟ್ ಐಡಿ ಸಂದೇಶ ಎಂಬ ಗುರುತು. ಮುಂದಿನ 1 ಎಂದರೆ ಹೊಸದಾಗಿ ನಡೆದ ಘಟನೆ. ಅದು ಸರಿಹೋದಾಗ ಅಲ್ಲಿ 3 ಬರುತ್ತದೆ. 130 ಕಳವು, 110 ಬೆಂಕಿ, 301 ಕರೆಂಟ್ ಹೋಗಿದೆ, 302 ಬ್ಯಾಟರಿ ಇಳಿದಿದೆ. 01 ಕಟ್ಟಡದ ಯಾವ ವಿಭಾಗ ಎಂಬುದನ್ನು, 003 ಯಾವ ವಲಯ, ಅಂದರೆ ಯಾವ ಬಾಗಿಲು ಅಥವಾ ಕೋಣೆ, ಎಂಬುದನ್ನು ಹೇಳುತ್ತವೆ. ಕೊನೆಯ 7 ತಾಳೆಗಾಗಿ: ಸೊನ್ನೆಯನ್ನು ಹತ್ತು ಎಂದು ಹಿಡಿದು ಎಲ್ಲ ಅಂಕಿ ಕೂಡಿದರೆ ಹದಿನೈದರಿಂದ ಭಾಗವಾಗಬೇಕು. ಕೂಡಿ ನೋಡಿ, ಎಪ್ಪತ್ತೈದು ಬರುತ್ತದೆ. ಸಂದೇಶ ಸರಿಯಾಗಿ ಮುಟ್ಟಿದರೆ ಕೇಂದ್ರದ ಯಂತ್ರ ಒಂದು ಸ್ವರ ಕಳಿಸಿ ಒಪ್ಪಿಗೆ ಕೊಡುತ್ತದೆ. ಅದು ಬರದಿದ್ದರೆ ಪ್ಯಾನೆಲ್ ಮತ್ತೆ ಕಳಿಸುತ್ತದೆ.

ಇಷ್ಟು ಚೆಂದದ ಭಾಷೆ ಇದ್ದರೂ ಏನು ಹೇಳಬೇಕು, ಯಾರಿಗೆ ಹೇಳಬೇಕು ಎಂಬುದನ್ನು ಪೆಟ್ಟಿಗೆಗೆ ಮನುಷ್ಯನೇ ಕಲಿಸಬೇಕು. ಅದೇ ಪ್ರೋಗ್ರಾಮಿಂಗ್. ಬೆಂಕಿಯ ಕರೆ ಒಂದು ನಂಬರಿಗೆ, ಕಳವಿನ ಕರೆ ಇನ್ನೊಂದಕ್ಕೆ, ಬ್ಯಾಟರಿ ಇಳಿದ ಸುದ್ದಿ ರಿಪೇರಿಯವನಿಗೆ ಎಂದು ಹಂಚಬಹುದು. ಬಾಗಿಲಿನ ಕಳವು ವಲಯಕ್ಕೆ ಕೆಲವು ಸೆಕೆಂಡಿನ ಬಿಡುವು ಕೊಡುವುದು ವಾಡಿಕೆ. ಬೆಳಿಗ್ಗೆ ಬಾಗಿಲು ತೆರೆದ ಸಿಬ್ಬಂದಿ ಸಂಕೇತ ಒತ್ತುವುದು ತಡವಾದರೆ ಸುಳ್ಳು ಕರೆ ಹೋಗಬಾರದಲ್ಲ. ಹೊಗೆ ಪತ್ತೆಯ ವಲಯಕ್ಕೆ ಈ ಬಿಡುವು ಸಲ್ಲದು. ಕ್ಯಾಷಿಯರ್ ಕಾಲಬುಡದ ಗುಂಡಿ ಸದ್ದು ಮಾಡದೆ ಕರೆ ಮಾಡಬೇಕು, ಯಾಕೆಂದರೆ ಎದುರಿಗೆ ಪಿಸ್ತೂಲು ಹಿಡಿದವ ನಿಂತಿರುತ್ತಾನೆ. ಕತ್ತಿಗೆ ಚಾಕು ಇಟ್ಟು ಅಲಾರಂ ಆರಿಸಲು ಹೇಳಿದರೆ ಒತ್ತಲೆಂದು ಬೇರೆಯದೇ ಸಂಕೇತ ಇಡಬಹುದು: ಪ್ಯಾನೆಲ್ ಆರಿದಂತೆ ಕಾಣುತ್ತದೆ, 121 ಎಂಬ ವರದಿ ಮಾತ್ರ ಸದ್ದಿಲ್ಲದೆ ಹೊರಟಿರುತ್ತದೆ. ನಮ್ಮ ಕಡೆ ಕರೆಂಟ್ ಹೋಗುವುದು ಹೊಸದಲ್ಲ. ಪ್ರತಿ ಸಲವೂ ಕರೆ ಬಂದರೆ ಜನ ಬೇಸತ್ತು ಇಡೀ ವರದಿಯನ್ನೇ ನಿಲ್ಲಿಸಿಬಿಡುತ್ತಾರೆ. ಅದರ ಬದಲು ಕರೆಂಟ್ ಇಂತಿಷ್ಟು ಹೊತ್ತು ಬಾರದಿದ್ದರಷ್ಟೇ ತಿಳಿಸು ಎಂದು ಬರೆದುಕೊಡುವುದು ಜಾಣತನ.

ಇದನ್ನು ಅಲಕ್ಷ್ಯ ಮಾಡಬಾರದು ಎನ್ನಲು ದೂರದ ಉದಾಹರಣೆ ಬೇಡ. 2024ರ ಅಕ್ಟೋಬರ್ ಕೊನೆಯ ವಾರಾಂತ್ಯದಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಗೆ ಕಿಟಕಿಯ ಮೂಲಕ ನುಗ್ಗಿದ ಕಳ್ಳರು ಸಿಸಿಟಿವಿ, ಅಲಾರಂ ಎರಡನ್ನೂ ನಿಷ್ಕ್ರಿಯಗೊಳಿಸಿ, ಗ್ಯಾಸ್ ಕಟರಿನಿಂದ ಲಾಕರ್ ಕೊಯ್ದು, ಸುಮಾರು 17 ಕಿಲೋ ಬಂಗಾರ ಹೊತ್ತೊಯ್ದರು. ದೃಶ್ಯ ತುಂಬಿದ ಡಿವಿಆರ್ ಕೂಡ ಒಯ್ದರು. ಬಂಗಾರ ಸಿಕ್ಕಿದ್ದು ಐದು ತಿಂಗಳ ನಂತರ, ತಮಿಳುನಾಡಿನ ಮದುರೈ ಜಿಲ್ಲೆಯ ಒಂದು ಬಾವಿಯಲ್ಲಿ. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕಿನಿಂದ ಹೋದದ್ದು ಸುಮಾರು 59 ಕಿಲೋ. ಅದರಲ್ಲಿ ನಕಲಿ ಕೀಲಿ ಬಳಸಿದ್ದರು ಎಂದರು ಪೊಲೀಸರು. ಅದೇ ಶಾಖೆಯಲ್ಲಿ ಹಿಂದೆ ವ್ಯವಸ್ಥಾಪಕನಾಗಿದ್ದವನೂ ಬಂಧಿತನಾದ. ಎರಡೂ ಕಡೆ ಇದ್ದದ್ದು ರೈತರು, ಸಣ್ಣ ವ್ಯಾಪಾರಿಗಳು ಅಡವಿಟ್ಟ ಒಡವೆ. ಮದುವೆಯ ತಾಳಿ, ತಾಯಿ ಕೊಟ್ಟ ಬಳೆ. ಹಣದ ಪರಿಹಾರ ಅದನ್ನು ತುಂಬಿಕೊಡಲಾರದು.

ಎರಡೂ ಕಳವು ರಜೆಯ ದಿನಗಳಲ್ಲಿ ನಡೆದವು. ಇಂಥಲ್ಲಿ ಬೇಕಾದ್ದು ಜೋರಾದ ಸೈರನ್ನಿಗಿಂತ ಪ್ಯಾನೆಲ್ಲಿನ ಮಾತು ನಿಂತದ್ದನ್ನು ಗಮನಿಸುವ ಏರ್ಪಾಡು. ಪ್ರತಿದಿನ ಗೊತ್ತಾದ ಹೊತ್ತಿಗೆ ‘ನಾನು ಸರಿಯಿದ್ದೇನೆ’ ಎಂದು ಪ್ಯಾನೆಲ್ ಕಳಿಸುವ ಪರೀಕ್ಷಾ ವರದಿಗೆ 602 ಎಂಬ ಸಂಕೇತವಿದೆ. ಅದು ಬರದ ದಿನ ತಂತಿ ತುಂಡಾಗಿದೆ, ಇಲ್ಲವೇ ಸಿಮ್ ಸತ್ತಿದೆ ಎಂದು ಅರ್ಥ. ಇಂಟರ್ನೆಟ್ ಮೇಲೆ ನಡೆಯುವ ಪ್ಯಾನೆಲ್ಲುಗಳು ನಿಮಿಷ ನಿಮಿಷಕ್ಕೂ ಹೀಗೆ ಹೇಳಬಲ್ಲವು. ಕೀಲಿಯಿಂದ, ಸರಿಯಾದ ಸಂಕೇತದಿಂದ ಬಾಗಿಲು ತೆರೆದು ಒಳಗೆ ಬಂದವನಿಗೆ ಸೈರನ್ ಕೂಗುವುದಿಲ್ಲ. ಆದರೆ ತೆರೆದ, ಮುಚ್ಚಿದ ವರದಿಯನ್ನು ಚಾಲೂ ಇಟ್ಟಿದ್ದರೆ ಶನಿವಾರ ನಡುರಾತ್ರಿ ಯಾರ ಸಂಕೇತದಿಂದ ಪ್ಯಾನೆಲ್ ಆರಿತು ಎಂಬುದು ಆಗಲೇ ಇನ್ನೊಬ್ಬರ ಫೋನಿಗೆ ತಲುಪುತ್ತದೆ.

ನಮ್ಮ ತಾಲ್ಲೂಕುಗಳ ಸಣ್ಣ ಶಾಖೆಗಳಲ್ಲಿ, ಪತ್ತಿನ ಸಂಘಗಳಲ್ಲಿ ಹೆಚ್ಚಾಗಿ ಕಾಣುವುದು ಸಿಮ್ ಹಾಕಿದ ಆಟೋ ಡಯಲರ್. ಕಳ್ಳ ಬಂದರೆ ಮೊದಲೇ ತುಂಬಿಟ್ಟ ಮೊಬೈಲ್ ನಂಬರುಗಳಿಗೆ ಒಂದರ ಹಿಂದೊಂದು ಕರೆ ಮಾಡಿ, ಧ್ವನಿಮುದ್ರಿತ ಸಂದೇಶ ಕೇಳಿಸುತ್ತದೆ. ಬಡ ಉಪಕರಣವಾದರೂ ಕೆಲಸಕ್ಕೆ ಬರುತ್ತದೆ. ಅದು ಸೋಲುವುದು ಬಹುತೇಕ ಯಂತ್ರದ ದೋಷದಿಂದಲ್ಲ: ವರ್ಗವಾಗಿ ಹೋದ ವ್ಯವಸ್ಥಾಪಕರ ನಂಬರು ಹಾಗೇ ಉಳಿದಿರುತ್ತದೆ, ಸಿಮ್ಮಿಗೆ ರೀಚಾರ್ಜ್ ಮಾಡಿರುವುದಿಲ್ಲ, ಹನ್ನೆರಡು ವೋಲ್ಟಿನ ಬ್ಯಾಟರಿ ಬದಲಿಸಿ ವರ್ಷಗಳಾಗಿರುತ್ತವೆ.

ಮೈಸೂರು ರಾಜ್ಯದ 1961ರ ಕಾಯ್ದೆ ತಳವಾರನಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಹಾಗೆ ಮಾಡಿದ್ದು ಸರಿಯೇ. ಆದರೆ ರಾತ್ರಿ ಸುದ್ದಿ ಮುಟ್ಟಿಸುವ ಹೊಣೆ ಯಾರದ್ದೆಂಬುದು ಊರಿಗೆ ಗೊತ್ತಿರಬೇಕು. ಹೂಲಿಯಿಂದ ರಾಮದುರ್ಗದವರೆಗೆ ಸಹಕಾರಿ ಸಂಘಗಳ ಆಡಳಿತ ಮಂಡಳಿಯವರಲ್ಲಿ, ದೇವಸ್ಥಾನ ಸಮಿತಿಯವರಲ್ಲಿ, ಹಾಸ್ಟೆಲ್ ನಡೆಸುವವರಲ್ಲಿ ಒಂದು ಕೋರಿಕೆ. ಈ ವಾರ ನಿಮ್ಮ ಪ್ಯಾನೆಲ್ ಕೂರಿಸಿದ ತಂತ್ರಜ್ಞನನ್ನು ಕರೆಸಿ, ಠಾಣೆಗೂ ಅಗ್ನಿಶಾಮಕ ಕಚೇರಿಗೂ ಮೊದಲೇ ತಿಳಿಸಿ, ಒಂದೊಂದು ವಲಯವನ್ನೂ ಮುಟ್ಟಿ ನೋಡಿ. ಯಾರ ಫೋನ್ ಎಷ್ಟು ಹೊತ್ತಿಗೆ ಬಾರಿಸಿತೆಂದು ಬರೆದಿಡಿ. ಬಾರಿಸದ ನಂಬರನ್ನು ಅವತ್ತೇ ಬದಲಿಸಿ.