ಕರೆಂಟಿನ ಕಾರು ಬಂತು, ವೈನಿ ಮನೆ ಮೀಟರು ಓಡಿತು!

ಜಾತ್ರೆಗೆ, ಮದುವೆಗೆ, ಮಕ್ಕಳ ರಜೆಗೆ ಅಂತ ಊರಿಗೆ ಬರುವವರ ಅಂಗಳದಲ್ಲಿ ಈಗ ಹೊಸ ನೆಂಟನೊಬ್ಬ ನಿಲ್ಲುತ್ತಿದ್ದಾನೆ. ಸದ್ದಿಲ್ಲ, ಹೊಗೆಯಿಲ್ಲ, ಪೆಟ್ರೋಲ್ ಕೇಳುವುದಿಲ್ಲ. ಆದರೆ ರಾತ್ರಿಯಾಯಿತೆಂದರೆ ಊಟ ಕೇಳುತ್ತಾನೆ. ಅದೂ ನಿಮ್ಮ ಮನೆಯ ಪ್ಲಗ್ಗಿನಿಂದ! ಹೌದು, ಇದು ಎಲೆಕ್ಟ್ರಿಕ್ ಕಾರಿನ ಮಾತು.

2001ರಲ್ಲಿ ಬೆಂಗಳೂರಿನ ಪುಟ್ಟ ‘ರೇವಾ’ ರಸ್ತೆಗಿಳಿದಾಗ ಅದನ್ನು ಆಟಿಕೆ ಕಾರು ಎಂದು ನಕ್ಕವರೇ ಹೆಚ್ಚು. ಈಗ ಬೆಂಗಳೂರು, ಹುಬ್ಬಳ್ಳಿಯಿಂದ ಇಡೀ ಸಂಸಾರವನ್ನು ಕೂರಿಸಿಕೊಂಡು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೆ ಇಂಥ ಕಾರಿನಲ್ಲೇ ಬರುವವರಿದ್ದಾರೆ. ಲಕ್ಕುಂಡಿಯ ಗುಡಿ ನೋಡಲು, ಮಾಗಡಿ ಕೆರೆಯ ಬಾತುಗಳನ್ನು ನೋಡಲು ಬಂದು ಬಾಡಿಗೆ ಕೋಣೆ ಹಿಡಿಯುವವರೂ ಇದ್ದಾರೆ. ಆದರೆ ನಮ್ಮ ಕಡೆ ಹೆಚ್ಚಿನವರು ತಂಗುವುದು ನೆಂಟರ ಮನೆಯಲ್ಲೇ ಅಲ್ಲವೇ? ಕಗ್ಗಂಟು ಇರುವುದೂ ಅಲ್ಲೇ. ಲಾಡ್ಜಿನವನಾದರೆ ಬಿಲ್ಲು ಹಾಕುತ್ತಾನೆ. ವೈನಿ ಬಿಲ್ಲು ಹಾಕುತ್ತಾರೆಯೇ?

“ಏ, ಮನಿ ಮಂದಿ ರೊಕ್ಕ ಕೊಡೋದೇನ್ರಿ? ಹಚ್ಚಿಕೊಳ್ರಿ ಸುಮ್ನ” ಎಂದುಬಿಡುತ್ತಾರೆ. ನೀವೂ ಸಮಾಧಾನದಿಂದ ವೈರು ಚುಚ್ಚಿ ಮಲಗುತ್ತೀರಿ. ಮುಂದಿನ ತಿಂಗಳು ಬಿಲ್ಲು ಬಂದಾಗ ಅದನ್ನು ಕೈಯಲ್ಲಿ ಹಿಡಿದು ನಿಲ್ಲುವವರು ಆ ಮನೆಯ ಹೆಣ್ಣುಮಗಳು. ನಿಮಗೆ ಅದು ಗೊತ್ತೇ ಆಗುವುದಿಲ್ಲ.

ಇನ್ನೂರು ರೂಪಾಯಿಯ ಕರೆಂಟು ಸಾವಿರ ಆಗುವುದು ಹೇಗೆ?

ಸಾಧಾರಣ ಗಾತ್ರದ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ 30 ಯೂನಿಟ್‌ನಷ್ಟು ಎಂದಿಟ್ಟುಕೊಳ್ಳಿ. ಚಾರ್ಜ್ ಆಗುವಾಗ ಒಂದಿಷ್ಟು ಸೋರಿಹೋಗುವುದರಿಂದ ಖಾಲಿ ಬ್ಯಾಟರಿ ತುಂಬಲು ಮೀಟರಿನಲ್ಲಿ 33 ಯೂನಿಟ್ ಓಡುತ್ತದೆ. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೂ ಇನ್ನೂರು ರೂಪಾಯಿ. ‘ಅಷ್ಟೇ ತಾನೇ?’ ಎನ್ನಬೇಡಿ.

2023ರ ಆಗಸ್ಟ್‌ನಿಂದ ‘ಗೃಹಜ್ಯೋತಿ’ ಬಂದಿದೆ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿ, ಅಷ್ಟು ಪುಕ್ಕಟೆ. ತೀರಾ ಕಡಿಮೆ ಬಳಸುವ ಮನೆಗಳಿಗೆ ಸ್ವಲ್ಪ ಸಡಿಲಿಕೆ ಉಂಟು. ತಮ್ಮ ಪಾಲಿಗಿಂತ ಹೆಚ್ಚು ಬಳಸಿದರೆ ಹೆಚ್ಚಾದಷ್ಟಕ್ಕೆ ಮಾತ್ರ ಹಣ. ಆದರೆ ತಿಂಗಳಿಗೆ 200 ಯೂನಿಟ್ ದಾಟಿತೋ, ಆ ತಿಂಗಳ ಇಡೀ ಬಿಲ್ಲನ್ನೇ ಕಟ್ಟಬೇಕು.

ಈಗ ಲೆಕ್ಕ ಹಾಕಿ. ವೈನಿ ಮನೆಯ ಪುಕ್ಕಟೆ ಪಾಲು 176 ಯೂನಿಟ್. ಅವರು ಹಿಡಿತದಲ್ಲಿ ಬಳಸಿ 170ಕ್ಕೆ ನಿಲ್ಲಿಸಿದ್ದಾರೆ. ನಿಮ್ಮ ಕಾರು ಒಂದೇ ರಾತ್ರಿ 33 ಯೂನಿಟ್ ಕುಡಿಯಿತು. ಒಟ್ಟು 203! ಸೊನ್ನೆ ಬರಬೇಕಾದ ಬಿಲ್ಲು ಈಗ ಸಾವಿರದ ಇನ್ನೂರು ದಾಟುತ್ತದೆ. ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ ಬೇರೆ. ನೀವು ಬಲವಂತದಿಂದ ಮಗುವಿನ ಕೈಗೆ ಇನ್ನೂರು ಕೊಟ್ಟು ಬಂದಿದ್ದರೂ ಅವರಿಗೆ ಸಾವಿರ ಕೈಬಿಟ್ಟಿತು.

ಹಾಗಾಗಿ ಮೊದಲ ಕಿವಿಮಾತು: ಹೋಗುವ ಮುಂಚೆಯೇ ಫೋನ್‌ನಲ್ಲಿ ಕೇಳಿ. “ವೈನಿ, ನಮ್ಮದು ಕರೆಂಟಿನ ಗಾಡಿ. ಹೋದ ತಿಂಗಳು ಎಷ್ಟು ಯೂನಿಟ್ ಬಂದಿತ್ರಿ? ಒಂದೀಟು ಬಿಲ್ಲಿನ ಫೋಟೋ ಕಳಸ್ರಿ.” ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಇನ್ನೂರರ ಹತ್ತಿರದ ಮನೆಯಾದರೆ ಅಲ್ಲಿ ಕಾರಿಗೆ ವೈರು ಹಚ್ಚದಿರುವುದೇ ಮರ್ಯಾದೆ.

ತುಂಬಿಸಬೇಡಿ, ಬೇಕಾದಷ್ಟು ಹಾಕಿ

ಊರಿಗೆ ಬಂದ ಕೂಡಲೇ ಕಾರನ್ನು ಪೂರ್ತಿ ತುಂಬಿಸಬೇಕೆಂಬ ಆತುರ ಬೇಡ. ಹುಬ್ಬಳ್ಳಿಯಿಂದ ಗದುಗಿಗೆ ಸುಮಾರು 60 ಕಿ.ಮೀ. ಗದುಗಿನಿಂದ ಲಕ್ಷ್ಮೇಶ್ವರ, ಮುಂಡರಗಿ ಎರಡೂ ಹೆಚ್ಚುಕಡಿಮೆ 40 ಕಿ.ಮೀ. ಶಿರಹಟ್ಟಿ ಇನ್ನೂ ಹತ್ತಿರ. ಹುಬ್ಬಳ್ಳಿಯಲ್ಲೋ ಹೆದ್ದಾರಿಯಲ್ಲೋ ಫಾಸ್ಟ್ ಚಾರ್ಜರಿನಲ್ಲಿ ಚಹಾ ಕುಡಿಯುತ್ತ ಹೊಟ್ಟೆ ತುಂಬಿಸಿಕೊಂಡು ಬಂದರೆ, ಎರಡು ದಿನದ ಓಡಾಟಕ್ಕೆ ಅದೇ ಸಾಕಾಗಬಹುದು. ಚಾರ್ಜರು ಕೆಲಸ ಮಾಡುತ್ತಿದೆಯೇ ಎಂದು ಹೊರಡುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳಿ. ಅಲ್ಲಿಗೆ ಹೋಗಿ ಕೈಕೈ ಹಿಸುಕಿಕೊಳ್ಳುವುದು ಬೇಡ.

ಆದರೂ ಕಡಿಮೆ ಬಿತ್ತೇ? ಗೋಡೆ ಪ್ಲಗ್ಗಿನ 12 ಯೂನಿಟ್‌ಗೆ ಕಾರು ಸುಮಾರು 70 ಕಿ.ಮೀ. ಓಡುತ್ತದೆ. ಅಂದರೆ ಮತ್ತೆ ಹುಬ್ಬಳ್ಳಿ ಮುಟ್ಟಲು ಅಷ್ಟು ಸಾಕು. ಖರ್ಚು 70-75 ರೂಪಾಯಿ, ಹೊತ್ತು ನಾಲ್ಕು ತಾಸು. ಎ.ಸಿ. ಹಾಕಿ, ಮಂದಿ ತುಂಬಿಕೊಂಡು ಹೋಗುವವರು ಬ್ಯಾಟರಿಯಲ್ಲಿ ಐದನೇ ಒಂದು ಭಾಗವನ್ನು ಕೈಗಾವಲಿಗೆ ಉಳಿಸಿಕೊಂಡಿರಿ.

ಗೋಡೆಯ ಪ್ಲಗ್ಗನ್ನು ಮೊದಲು ನೋಡಿ

ರೊಕ್ಕದ ಮಾತು ಹಾಗಿರಲಿ, ಜೀವದ ಮಾತು ಅದಕ್ಕಿಂತ ದೊಡ್ಡದು. ಕಾರಿನ ಜೊತೆ ಬರುವ ಚಾರ್ಜರು ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಗೀಸರನ್ನು ರಾತ್ರಿಯಿಡೀ ಆರಿಸದೆ ಬಿಟ್ಟರೆ ಹೇಗಿರುತ್ತದೆ? ಅದಕ್ಕಿಂತ ಇದು ಒಂದು ಕೈ ಹೆಚ್ಚೇ. ಅಜ್ಜನ ಕಾಲದ ವೈರಿಂಗ್ ಇರುವ ಮನೆ ಇದನ್ನು ತಾಳೀತೇ?

* ಬಿಲ್ಲಿನ ಮೇಲೆ ಮಂಜೂರಾದ ಲೋಡ್ ಎಷ್ಟೆಂದು ಬರೆದಿರುತ್ತದೆ. ಅದು 1 ಕಿಲೋವ್ಯಾಟ್ ಇದ್ದರೆ ಆ ಮನೆಯಲ್ಲಿ ಕಾರಿನ ಚಾರ್ಜಿನ ಮಾತೇ ಬೇಡ.

* ಮೊಬೈಲ್, ಮಿಕ್ಸರ್ ಹಚ್ಚುವ 5 ಆಂಪಿಯರ್‌ನ ಸಣ್ಣ ಪ್ಲಗ್ ನಡೆಯುವುದಿಲ್ಲ. ದಪ್ಪ ಮೂರು ಪಿನ್ನಿನ, 15 ಆಂಪಿಯರ್‌ನ ಪವರ್ ಪ್ಲಗ್ಗೇ ಬೇಕು. ಸಣ್ಣದಕ್ಕೆ ದೊಡ್ಡದನ್ನು ಜೋಡಿಸುವ ಅಡಾಪ್ಟರ್ ಮುಟ್ಟಲೇಬೇಡಿ.

* ಎಕ್ಸ್‌ಟೆನ್ಷನ್ ಬೋರ್ಡು ಬೇಡವೇ ಬೇಡ. ಸುರುಳಿ ಸುತ್ತಿದ ವೈರು ಒಳಗೊಳಗೇ ಕಾದು ಕರಗುತ್ತದೆ. ಕಾರು ಪ್ಲಗ್ಗಿನ ತನಕ ಬರದಿದ್ದರೆ ಆ ರಾತ್ರಿ ಬಿಟ್ಟುಬಿಡಿ.

* ಚಾರ್ಜರಿನ ಡಬ್ಬಿಯಲ್ಲಿ ಕೆಂಪು ದೀಪ ಬಂದು ಚಾರ್ಜ್ ಶುರುವಾಗದಿದ್ದರೆ ಆ ಮನೆಯ ಅರ್ಥಿಂಗ್ ಸರಿಯಿಲ್ಲದಿರಬಹುದು. ಅದು ನಿಮ್ಮ ಜೀವ ಕಾಯುವ ಎಚ್ಚರಿಕೆ. “ಒಂದು ವೈರು ಸುತ್ತಿಬಿಡ್ತೀನಿ ತಗೀರಿ” ಎಂದು ಅಳಿಯಂದಿರು ಮುಂದೆ ಬಂದರೆ ತಡೆಯಿರಿ! ಇಂಥ ಉಪಾಯದಿಂದ ಕಾರಿನ ಮೈಗೇ ಕರೆಂಟು ಹರಿಯಬಹುದು. ನಮ್ಮ ಒಣ ಸೀಮೆಯಲ್ಲಿ ಬೇಸಿಗೆಗೆ ಅರ್ಥಿಂಗ್ ಗುಂಡಿ ಒಣಗಿರುತ್ತದೆ. ಎರಡು ಕೊಡ ನೀರು ಹಾಕಿ ನೋಡಬಹುದು, ಆದರೂ ದೀಪ ಹೋಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಬೇಕು.

* ಎಲ್ಲರೂ ಉಂಡು, ನೀರಿನ ಮೋಟಾರು, ಗೀಸರು ಆರಿಸಿದ ಮೇಲೆ ಹಚ್ಚಿ. ಅರ್ಧ ತಾಸು ಬಿಟ್ಟು ಪ್ಲಗ್ಗಿನ ಪ್ಲಾಸ್ಟಿಕ್ಕನ್ನು ಹೊರಗಿನಿಂದ ಮುಟ್ಟಿ ನೋಡಿ. ಕೈ ಸುಡುವಂತಿದ್ದರೆ ಅಲ್ಲಿಗೇ ನಿಲ್ಲಿಸಿ. ಕಡಿಮೆ ಆಂಪಿಯರ್‌ಗೆ ಇಳಿಸುವ ಸೌಲಭ್ಯ ನಿಮ್ಮ ಕಾರಿನಲ್ಲಿದ್ದರೆ ಬಳಸಿ. ನಿಧಾನವಾದರೂ ಮನೆಗೆ ಹಿತ.

* ವೈರು ಹೊಸ್ತಿಲ ಮೇಲೆ, ದನ ಓಡಾಡುವ ಹಾದಿಯಲ್ಲಿ ಬೀಳದಿರಲಿ. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ಮನೆಯ ಇನ್ವರ್ಟರ್ ಲೈನಿನ ಪ್ಲಗ್ಗಿಗೆ ಖಂಡಿತ ಹಾಕಬೇಡಿ.

ಕೊಡುವುದಕ್ಕೂ ಒಂದು ರೀತಿ ಇದೆ

ಉಂಡ ಮನೆಯಲ್ಲಿ ನೋಟು ಎಣಿಸಿ ಕೊಟ್ಟರೆ ಯಾರಿಗಾದರೂ ಬೇಸರವೇ. ಅದಕ್ಕೊಂದು ಸುಲಭ ದಾರಿ ಇದೆ. ಹೆಸ್ಕಾಂ ಬಿಲ್ಲಿನ ಮೇಲೆ ಗ್ರಾಹಕರ ಅಕೌಂಟ್ ಐಡಿ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಮುಂದಿನ ಬಿಲ್ಲು ಬಂದ ಮೇಲೆ ನಿಮ್ಮ ಫೋನಿನಿಂದಲೇ ಕಟ್ಟಿಬಿಡಬಹುದು. ಕೈಗೆ ರೊಕ್ಕ ಕೊಟ್ಟಂತೆಯೂ ಆಗಲಿಲ್ಲ, ಅವರ ಮೇಲೆ ಭಾರವೂ ಬೀಳಲಿಲ್ಲ. ಇದರಲ್ಲಿ ಇನ್ನೂ ಒಂದು ಲಾಭ. ಬಿಲ್ಲು ಎಷ್ಟು ಏರಿತೆಂದು ನಿಮ್ಮ ಕಣ್ಣಿಗೇ ಬೀಳುತ್ತದೆ. ಆಯೇರಿಯಲ್ಲಿ ಸೀರೆ ಕೊಟ್ಟೆವಲ್ಲ, ಅದರಲ್ಲಿ ಇದೂ ಬಂತು ಎಂದುಕೊಳ್ಳಬೇಡಿ. ಸೀರೆ ಬೇರೆ, ಮೀಟರು ಬೇರೆ.

ಮನೆಯಾಕೆಗೂ ಒಂದು ಮಾತು. ಬಾಯಿಬಿಟ್ಟು ಹೇಳಿದರೆ ಸಂಬಂಧ ಕೆಡುತ್ತದೆಂದು ಹೆದರಬೇಡಿ. “ಅಕ್ಕಾರ, ಈ ತಿಂಗಳು ಇನ್ನೂರರ ಸನೇಕ ಬಂದೀವಿ. ನಾಳೆ ಊರಾಗಿನ ಚಾರ್ಜರ್ ಎಲ್ಲೈತಿ ಅಂತ ನೋಡೋಣು” ಎಂದು ನಗುತ್ತ ಹೇಳಿ. ಒಳಗೊಳಗೇ ನುಂಗಿಕೊಂಡು, ಮುಂದಿನ ಸಲ ಅವರು ಬರುತ್ತಾರೆಂದರೆ ಮುಖ ಸಣ್ಣ ಮಾಡಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಕೋಣೆ ಬಾಡಿಗೆಗೆ ಕೊಡುವವರಿಗೆ

ಪ್ರವಾಸಿಗರಿಗೆ ಕೋಣೆ ಕೊಡುವ ಹೆಣ್ಣುಮಕ್ಕಳಿಗೆ ಕಾರಿನ ಪ್ಲಗ್ಗು ಒಂದು ಆಕರ್ಷಣೆಯೂ ಆಗಬಹುದು. ಮೇನ್ ಬೋರ್ಡಿನಿಂದಲೇ ಕಾರಿಗೆಂದು ಬೇರೆ ಲೈನು ಎಳೆಸಿ. ಅದಕ್ಕೆ ಎಂ.ಸಿ.ಬಿ., ಕರೆಂಟು ಸೋರಿದೊಡನೆ ಲೈನು ಕಡಿಯುವ ಆರ್.ಸಿ.ಸಿ.ಬಿ., ಒಳ್ಳೆಯ ಅರ್ಥಿಂಗ್, ಒಂದು ಸಣ್ಣ ಸಬ್ ಮೀಟರು ಹಾಕಿಸಿ. ಅತಿಥಿ ಬಂದಾಗೊಮ್ಮೆ, ಹೋಗುವಾಗೊಮ್ಮೆ ರೀಡಿಂಗ್ ತೋರಿಸಿ ಹಣ ಪಡೆದರೆ ತಕರಾರಿಲ್ಲ. ದರವನ್ನು ಕೋಣೆ ಗೊತ್ತುಮಾಡುವಾಗಲೇ ಹೇಳಿಬಿಡಿ. ಗೃಹಜ್ಯೋತಿ ಇರುವುದು ಸಂಸಾರದ ಬಳಕೆಗೆ, ವ್ಯಾಪಾರಕ್ಕಲ್ಲ. ಆದ್ದರಿಂದ ನಿಮ್ಮ ಸಂಪರ್ಕ ಯಾವ ವರ್ಗಕ್ಕೆ ಬರುತ್ತದೆ, ಲೋಡ್ ಎಷ್ಟು ಏರಿಸಬೇಕು ಎಂಬುದನ್ನು ಹೆಸ್ಕಾಂ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. 1912ಕ್ಕೆ ಫೋನ್ ಮಾಡಿದರೂ ಆದೀತು.

ಇನ್ನು ಬಾಡಿಗೆ ಕೋಣೆ ಹಿಡಿಯುವವರೇ, ‘ಚಾರ್ಜಿಂಗ್ ಇದೆ’ ಎಂಬ ಒಂದು ಮಾತಿಗೆ ಮರುಳಾಗಬೇಡಿ. ಪ್ಲಗ್ಗು ಎಷ್ಟು ಆಂಪಿಯರ್, ಕಾರು ನಿಲ್ಲಿಸುವ ಜಾಗದಿಂದ ಎಷ್ಟು ದೂರ, ಯೂನಿಟ್‌ಗೆ ಎಷ್ಟು, ಈ ಮೂರನ್ನು ಕೇಳಿ. ಫೋಟೋ ತರಿಸಿಕೊಂಡರೆ ಇನ್ನೂ ಒಳ್ಳೆಯದು.

ಗಾಡಿ ಹೊಸದಾದರೂ ನೆಂಟಸ್ತಿಕೆಯ ರೀತಿ ಹಳೆಯದೇ. ಹಿಂದೆ ಚಕ್ಕಡಿ ಕಟ್ಟಿಕೊಂಡು ಬೀಗರ ಊರಿಗೆ ಹೋಗುವವರು ಎತ್ತಿಗೆ ಮೇವನ್ನೂ ಗಾಡಿಯಲ್ಲೇ ಹೇರಿಕೊಂಡು ಹೋಗುತ್ತಿದ್ದರು. ಕೊಡುವ ಮನೆ ಬೇಡ ಎಂದರೂ ತರುವವರು ತರುತ್ತಿದ್ದರು. ಈಗಿನ ಮೇವು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಕಾಣದ್ದನ್ನೂ ಲೆಕ್ಕಕ್ಕೆ ಹಿಡಿದರೆ ಮುಂದಿನ ಜಾತ್ರೆಗೂ ಅದೇ ಬಾಗಿಲು ನಗುನಗುತ್ತ ತೆರೆಯುತ್ತದೆ.