ದಾರದಹಳ್ಳಿಯಿಂದ ನಾಲ್ಕು ಸದನಗಳಿಗೆ: ಕಾಫಿ ನಾಡಿನ ರಾಜಕಾರಣಿಯೊಬ್ಬರ ಪಕ್ಷಾಂತರಗಳ ಚರಿತ್ರೆ

ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್ತು ಈ ನಾಲ್ಕೂ ಸದನಗಳಲ್ಲಿ ಸದಸ್ಯರಾಗಿ ಕುಳಿತ ರಾಜಕಾರಣಿಗಳು ಕರ್ನಾಟಕದಲ್ಲಿ ವಿರಳ. ಆ ವಿರಳರಲ್ಲಿ ಒಬ್ಬರಾದ ಡಿ.ಬಿ. ಚಂದ್ರೇಗೌಡರು ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯವರು. 1936ರ ಆಗಸ್ಟ್ 26ರಂದು ಹುಟ್ಟಿ 2023ರ ನವೆಂಬರ್ 7ರಂದು ತೀರಿಕೊಂಡ ಅವರ ರಾಜಕೀಯ ಜೀವನವು ಕಾಂಗ್ರೆಸ್ಸಿನಲ್ಲಿ ಬೆಳೆದು, ದೇವರಾಜ ಅರಸು ಅವರ ಬಣವನ್ನು ಹಾದು, ಜನತಾ ಪಕ್ಷ, ಜನತಾದಳಗಳಲ್ಲಿ ಮುಂದುವರಿದು, ಮತ್ತೆ ಕಾಂಗ್ರೆಸ್ಸಿಗೆ ಮರಳಿ, ಕೊನೆಗೆ ಭಾರತೀಯ ಜನತಾ ಪಕ್ಷದಲ್ಲಿ ಮುಗಿಯಿತು. ಪಕ್ಷಗಳ ಈ ಸಾಲನ್ನಷ್ಟೇ ನೋಡಿದವರಿಗೆ ಅದು ನಿಲುವಿಲ್ಲದ ಅಲೆದಾಟದಂತೆ ತೋರುವುದು ಸಹಜ. ಆದರೆ ಅವರು ಯಾವ ಹಂತದಲ್ಲಿ, ಯಾವ ಬಾಗಿಲಿನಿಂದ ಹೊರನಡೆದರು, ಹೊರನಡೆದ ಮೇಲೆ ಮತದಾರರ ಎದುರು ನಿಂತರೋ ಇಲ್ಲವೋ ಎಂಬುದನ್ನು ಗಮನಿಸಿದರೆ, ಇಂದು ಪಕ್ಷಾಂತರವೆಂದು ಕರೆಯಲಾಗುವ ವ್ಯವಹಾರಕ್ಕೂ ಈ ಚರಿತ್ರೆಗೂ ಇರುವ ಅಂತರ ಸ್ಪಷ್ಟವಾಗುತ್ತದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡಗಳಲ್ಲಿ ಪ್ರತಿನಿಧಿಯೊಬ್ಬರಿಂದ ಜನ ಏನನ್ನು ಬಯಸುತ್ತಿದ್ದರು ಎಂಬುದನ್ನು ಕಾಫಿಯ ಮಾರಾಟ ವ್ಯವಸ್ಥೆಯನ್ನು ಬಿಟ್ಟು ವಿವರಿಸಲಾಗದು. 1942ರ ಕಾಫಿ ಕಾಯ್ದೆಯಡಿ ಜಾರಿಯಲ್ಲಿದ್ದ ‘ಪೂಲ್’ ಪದ್ಧತಿ, ಅಂದರೆ ಎಲ್ಲ ಬೆಳೆಗಾರರ ಫಸಲನ್ನೂ ಒಟ್ಟುಗೂಡಿಸಿ ಕಾಫಿ ಮಂಡಳಿಯೇ ಮಾರುವ ಪದ್ಧತಿ, ಬೆಳೆಗಾರನಿಗೆ ತನ್ನ ಬೆಳೆಯ ಮಾರಾಟದ ಮೇಲೆ ಹಿಡಿತವನ್ನೇ ಉಳಿಸಿರಲಿಲ್ಲ. ಆತ ಕಣದಲ್ಲಿ ಒಣಗಿಸಿದ ಚೆರಿಯನ್ನೋ, ತಿರುಳು ತೆಗೆದು ತೊಳೆದು ಒಣಗಿಸಿದ ಪಾರ್ಚ್‌ಮೆಂಟನ್ನೋ ಮೂಟೆ ಕಟ್ಟಿ ಕ್ಯೂರಿಂಗ್ ವರ್ಕ್ಸ್‌ಗೆ, ಎಂದರೆ ಬೀಜದ ಸಿಪ್ಪೆ ಬಿಡಿಸಿ ದರ್ಜೆ ವಿಂಗಡಿಸುವ ಕಾರ್ಖಾನೆಗೆ, ಒಪ್ಪಿಸಿ ಮುಂಗಡ ಪಡೆದರೆ, ಉಳಿದ ಹಣ ಮಂಡಳಿ ಮಾರಾಟ ಮಾಡಿದಂತೆಲ್ಲ ಕಂತುಗಳಲ್ಲಿ ಕೈಸೇರುತ್ತಿತ್ತು. ಮುಂದಿನ ಮಳೆಗಾಲದ ಖರ್ಚಿಗೆ ಹಿಂದಿನ ಫಸಲಿನ ಕಂತನ್ನು ಕಾಯುವುದು ಸಣ್ಣ ತೋಟದವರ ಬದುಕಿನ ಭಾಗವೇ ಆಗಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಮುಕ್ತ ಮಾರಾಟಕ್ಕೆ ಅವಕಾಶ ಸಿಗುವವರೆಗೆ ಬೆಳೆಯ ಭವಿಷ್ಯ ತೀರ್ಮಾನವಾಗುತ್ತಿದ್ದುದು ಬೆಂಗಳೂರಿನ ಮಂಡಳಿ ಕಚೇರಿಯಲ್ಲಿ ಮತ್ತು ದೆಹಲಿಯ ವಾಣಿಜ್ಯ ಸಚಿವಾಲಯದಲ್ಲಿ. ಹೀಗಾಗಿ ಇಲ್ಲಿ ಪ್ರತಿನಿಧಿಯ ಪಕ್ಷದಷ್ಟೇ, ಕೆಲವೊಮ್ಮೆ ಪಕ್ಷಕ್ಕಿಂತಲೂ, ಆತನ ಮಾತಿಗೆ ದೆಹಲಿಯಲ್ಲಿ ತೂಕವಿದೆಯೇ ಎಂಬ ಪ್ರಶ್ನೆ ಮುಖ್ಯವಾಗುತ್ತಿತ್ತು.

ಚಂದ್ರೇಗೌಡರು 1971ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ಆಯ್ಕೆಯಾದರು. ತುರ್ತು ಪರಿಸ್ಥಿತಿಯ ಬೆನ್ನಿಗೇ ಬಂದ 1977ರ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಆ ಪಕ್ಷಕ್ಕೇ ದಕ್ಕಿದವು. ಚಿಕ್ಕಮಗಳೂರನ್ನು ಚಂದ್ರೇಗೌಡರು ಉಳಿಸಿಕೊಂಡರು. ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗೆ ಸಂಸತ್ತಿಗೆ ಮರಳಲು ಭದ್ರವಾದ ಕ್ಷೇತ್ರವೊಂದು ಬೇಕಾದಾಗ, 1978ರ ಫೆಬ್ರುವರಿಯ ವಿಧಾನಸಭಾ ಚುನಾವಣೆಯನ್ನೂ ಗೆದ್ದು ಮತ್ತೆ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸು ಅವರ ನಾಡು ಕಣ್ಣಿಗೆ ಬಿದ್ದುದು ಆಶ್ಚರ್ಯವಲ್ಲ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಕ್ಷೇತ್ರ ತೆರವು ಮಾಡಿದರು.

ಈ ರಾಜೀನಾಮೆಯ ಸಾಂವಿಧಾನಿಕ ಬಗೆಯನ್ನು ಇಲ್ಲಿ ತುಸು ಬಿಡಿಸಿ ಹೇಳಬೇಕು, ಏಕೆಂದರೆ ನಾಲ್ಕು ದಶಕಗಳ ನಂತರ ಕರ್ನಾಟಕದ ಸರ್ಕಾರವೊಂದರ ಅಳಿವು ಉಳಿವು ಇದೇ ಬಗೆಯ ಪತ್ರಗಳ ಸುತ್ತ ತಿರುಗಿತು. ಸಂವಿಧಾನದ 101ನೇ ವಿಧಿಯ ಪ್ರಕಾರ ಲೋಕಸಭಾ ಸದಸ್ಯರು ಸ್ವಹಸ್ತಾಕ್ಷರದ ಪತ್ರವನ್ನು ಸಭಾಧ್ಯಕ್ಷರಿಗೆ ಬರೆಯಬೇಕು. 1974ರಲ್ಲಿ ಬಂದ 33ನೇ ತಿದ್ದುಪಡಿಯ ಅನಂತರ ಪತ್ರ ಬರೆದರಷ್ಟೇ ಸಾಲದು, ಅದು ಸ್ವಇಚ್ಛೆಯದೂ ನೈಜವೂ ಹೌದೆಂದು ಸಭಾಧ್ಯಕ್ಷರಿಗೆ ಮನವರಿಕೆಯಾಗಬೇಕು. ಶಾಸಕರಿಗೂ 190ನೇ ವಿಧಿ ಇದೇ ನಿಯಮವನ್ನು ವಿಧಿಸುತ್ತದೆ. 1978ರಲ್ಲಿ ಲೋಕಸಭೆಯ ಅಧ್ಯಕ್ಷ ಪೀಠದಲ್ಲಿದ್ದವರು, ಕರ್ನಾಟಕದಲ್ಲಿ ಜನತಾ ಪಕ್ಷಕ್ಕೆ ದಕ್ಕಿದ್ದ ಎರಡೇ ಸ್ಥಾನಗಳಲ್ಲಿ ಒಂದನ್ನು ಗೆದ್ದಿದ್ದ ಕೆ.ಎಸ್. ಹೆಗ್ಡೆಯವರು. ಜನತಾ ಪಕ್ಷದ ಬದ್ಧ ಎದುರಾಳಿಗೆ ದಾರಿ ಮಾಡಿಕೊಡುವ ಪತ್ರವು ಆ ಪಕ್ಷದ ಟಿಕೆಟ್ಟಿನಲ್ಲಿ ಗೆದ್ದು ಬಂದ ಸಭಾಧ್ಯಕ್ಷರ ಹೆಸರಿಗೇ ಹೋಗಬೇಕಾಯಿತು, ನಿಯಮದಂತೆ ಸ್ಥಾನವೂ ತೆರವಾಯಿತು.

ನವೆಂಬರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆದರೆ ಡಿಸೆಂಬರ್ 19ರಂದು ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆ ಅವರನ್ನು ಉಚ್ಚಾಟಿಸಿ ಸೆರೆಮನೆಗೆ ಕಳುಹಿಸಿತು. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು ವಿಧಾನ ಪರಿಷತ್ತಿನ ಸದಸ್ಯರಾಗಿ ಅರಸು ಅವರ ಸಂಪುಟ ಸೇರಿದರು. ಇದನ್ನು ತ್ಯಾಗಕ್ಕೆ ಸಂದ ಪ್ರತಿಫಲವೆಂದು ಲೆಕ್ಕ ಹಾಕುವವರು ಆಗಲೂ ಇದ್ದಿರಬಹುದು, ಈಗಲೂ ಇರಬಹುದು. ಆ ಲೆಕ್ಕದಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೂ ಇಂದಿರಾ ಅವರೊಂದಿಗಿನ ನಂಟನ್ನೇ ಬಂಡವಾಳ ಮಾಡಿಕೊಂಡು ದೆಹಲಿಯ ಕೃಪೆಯಲ್ಲಿ ಉಳಿಯುವ ಅವಕಾಶ ಅವರಿಗಿದ್ದಾಗ, 1979ರಲ್ಲಿ ಅರಸು ಮತ್ತು ಇಂದಿರಾ ಗಾಂಧಿಯವರ ನಡುವೆ ಬಿರುಕು ಮೂಡಿ ಅರಸು ಪಕ್ಷದಿಂದ ಹೊರಬಿದ್ದಾಗ, ಅವರು ನಿಂತದ್ದು ಅರಸು ಅವರ ಪಕ್ಕದಲ್ಲಿ. 1980ರ ಜನವರಿಯಲ್ಲಿ ಇಂದಿರಾ ಮತ್ತೆ ಪ್ರಧಾನಿಯಾಗಿ, ಅರಸು ಸರ್ಕಾರ ಉರುಳಿ, ಬಹುಪಾಲು ಶಾಸಕರು ಇಂದಿರಾ ಬಣದ ಗುಂಡೂರಾಯರ ಕಡೆಗೆ ಸಾಲುಗಟ್ಟಿದ ಹೊತ್ತಿನಲ್ಲಿ ಈ ಆಯ್ಕೆಯ ಬೆಲೆ ಏನೆಂಬುದು ಅರಿವಾಗುತ್ತದೆ. ಅವರ ಜೀವನದ ಮೊದಲ ಪಕ್ಷಾಂತರ ಅಧಿಕಾರದ ಕಡೆಗೆ ನಡೆದದ್ದಲ್ಲ, ಅಧಿಕಾರ ಕಳೆದುಕೊಳ್ಳುತ್ತಿದ್ದ ಕಡೆಯಲ್ಲಿ ಉಳಿದದ್ದು.

ಅರಸು 1982ರ ಜೂನ್‌ನಲ್ಲಿ ತೀರಿಕೊಂಡರು. ಅವರು ಕಟ್ಟಿದ್ದ ಕರ್ನಾಟಕ ಕ್ರಾಂತಿ ರಂಗವು ಜನತಾ ಪಕ್ಷದೊಡನೆ ಕೈಜೋಡಿಸಿ 1983ರ ಆರಂಭದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರಕ್ಕೆ ದಾರಿ ಮಾಡಿತು. ಚಂದ್ರೇಗೌಡರು ಆ ಚುನಾವಣೆಯಲ್ಲಿ ಗೆದ್ದದ್ದು ನೆರೆಯ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಿಂದ. ಹುಟ್ಟೂರಿನ ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರವಾದ್ದರಿಂದ ಅಲ್ಲಿ ಅವರು ಸ್ಪರ್ಧಿಸುವಂತಿರಲಿಲ್ಲ ಎಂಬ ಸಂಗತಿ ಅವರ ರಾಜಕೀಯ ನಡೆಯನ್ನು ಅರಿಯಲು ಬಹಳ ಮುಖ್ಯ: ತನ್ನ ತಾಲ್ಲೂಕಿನ ಶಾಸಕನಾಗಲಾರದ ನಾಯಕನು ತೀರ್ಥಹಳ್ಳಿ, ಶೃಂಗೇರಿ ಎಂದು ಮಲೆನಾಡಿನ ಇತರ ಕ್ಷೇತ್ರಗಳಲ್ಲಿ ಹೊಸದಾಗಿ ಒಪ್ಪಿಗೆ ಪಡೆಯಬೇಕಾಯಿತು. ಅದರಲ್ಲೂ ತೀರ್ಥಹಳ್ಳಿ ಶಾಂತವೇರಿ ಗೋಪಾಲಗೌಡರು ಪ್ರತಿನಿಧಿಸಿದ್ದ, ಸಮಾಜವಾದಿ ಚಳವಳಿಯ ನೆನಪು ಆಳವಾಗಿ ಉಳಿದಿದ್ದ ಕ್ಷೇತ್ರ. ಅಲ್ಲಿ ಹೊರಗಿನವರು ಬಂದು ಗೆಲ್ಲುವುದು ಸುಲಭದ ಮಾತಲ್ಲ.

1983ರಿಂದ 1985ರ ಆರಂಭದವರೆಗೆ ಅವರು ವಿಧಾನಸಭೆಯ ಅಧ್ಯಕ್ಷರಾಗಿದ್ದರು. 224 ಸದಸ್ಯರ ಸದನದಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಪಕ್ಷದ ಬಲ 95 ಮಾತ್ರ. 18 ಸ್ಥಾನ ಗೆದ್ದ ಬಿಜೆಪಿ, ಎಡಪಕ್ಷಗಳು ಹಾಗೂ ಪಕ್ಷೇತರರ ಬೆಂಬಲದಿಂದ ನಿಂತಿದ್ದ ಸರ್ಕಾರವದು. ಒಬ್ಬೊಬ್ಬ ಶಾಸಕನ ಮತಕ್ಕೂ ಬೆಲೆ ಏರಿದ್ದ ಆ ದಿನಗಳಲ್ಲಿ ಪಕ್ಷ ಬದಲಿಸಿದವರನ್ನು ಅನರ್ಹಗೊಳಿಸುವ ಯಾವ ಅಧಿಕಾರವೂ ಸಭಾಧ್ಯಕ್ಷರಿಗೆ ಇರಲಿಲ್ಲ. ಚಂದ್ರೇಗೌಡರು ಪೀಠ ಬಿಟ್ಟ ಕೆಲವೇ ವಾರಗಳಲ್ಲಿ, 1985ರ ಮಾರ್ಚ್ 1ರಿಂದ, 52ನೇ ತಿದ್ದುಪಡಿಯ ಮೂಲಕ ಸಂವಿಧಾನದ ಹತ್ತನೇ ಅನುಸೂಚಿ ಜಾರಿಗೆ ಬಂತು. ಪಕ್ಷಾಂತರ ನಿಷೇಧ ಕಾಯ್ದೆ ಎಂದು ಜನ ಕರೆಯುವುದು ಇದನ್ನೇ. ಪಕ್ಷದ ಸದಸ್ಯತ್ವವನ್ನು ಸ್ವಇಚ್ಛೆಯಿಂದ ತೊರೆದ ಅಥವಾ ಸದನದಲ್ಲಿ ವಿಪ್ ಮೀರಿದ, ಅಂದರೆ ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದ, ಸದಸ್ಯನ ಸ್ಥಾನ ಹೋಗಬೇಕೆಂದೂ, ಅದನ್ನು ತೀರ್ಮಾನಿಸುವವರು ಸಭಾಧ್ಯಕ್ಷರೆಂದೂ ಅದು ಹೇಳಿತು. ಮೂರನೇ ಒಂದರಷ್ಟು ಶಾಸಕರು ಒಟ್ಟಾಗಿ ಸಿಡಿದರೆ ಅದನ್ನು ವಿಭಜನೆಯೆಂದು ಮನ್ನಿಸುವ ವಿನಾಯಿತಿಯನ್ನು 2003ರ 91ನೇ ತಿದ್ದುಪಡಿ ತೆಗೆದುಹಾಕಿತು. ಮೂರನೇ ಎರಡರಷ್ಟು ಸದಸ್ಯರು ಒಪ್ಪಿದ ವಿಲೀನಕ್ಕೆ ಮಾತ್ರ ರಕ್ಷಣೆ ಉಳಿಯಿತು.

ಮುಂದಿನ ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು. 1986ರಲ್ಲಿ ಜನತಾ ಪಕ್ಷದಿಂದ ರಾಜ್ಯಸಭೆ, 1988ರಲ್ಲಿ ಪಕ್ಷವೇ ಜನತಾದಳವಾಗಿ ರೂಪಾಂತರ, 1989ರಲ್ಲಿ ಮತ್ತೆ ತೀರ್ಥಹಳ್ಳಿಯ ಗೆಲುವು ಮತ್ತು ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕತ್ವ. ಜನತಾ ಪರಿವಾರ ಒಡೆದು ಒಡೆದು ಸಣ್ಣದಾಗುತ್ತಿದ್ದ ದಶಕದ ಕೊನೆಯಲ್ಲಿ, 1999ರಲ್ಲಿ, ಅವರು ಕಾಂಗ್ರೆಸ್ ಅಭ್ಯರ್ಥಿಯಾಗಿ ಶೃಂಗೇರಿಯಿಂದ ಗೆದ್ದು ಎಸ್.ಎಂ. ಕೃಷ್ಣ ಅವರ ಸರ್ಕಾರದಲ್ಲಿ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರಾದರು. ಸದನದ ನಿಯಮಗಳನ್ನು ಪೀಠದಿಂದಲೂ ವಿರೋಧ ಪಕ್ಷದ ಆಸನದಿಂದಲೂ ಕಂಡಿದ್ದವರಿಗೆ ಅದಕ್ಕಿಂತ ಹೊಂದುವ ಖಾತೆ ಇನ್ನೊಂದಿರಲಾರದು. 2004ರಲ್ಲಿ ಶೃಂಗೇರಿ ಬಿಜೆಪಿಯ ಡಿ.ಎನ್. ಜೀವರಾಜ್ ಅವರ ಪಾಲಾಯಿತು.

ಕೊನೆಯ ಪಕ್ಷಾಂತರವನ್ನು ಸಮರ್ಥಿಸುವುದು ಹೆಚ್ಚು ಕಷ್ಟ. ಇಂದಿರಾ ಗಾಂಧಿಯವರಿಗೆ ಸ್ಥಾನ ಬಿಟ್ಟವರು, ಅರಸು ಅವರ ಸಾಮಾಜಿಕ ನ್ಯಾಯದ ರಾಜಕಾರಣದೊಂದಿಗೆ ನಡೆದವರು, ಸಮಾಜವಾದಿಗಳ ನೆಲದಲ್ಲಿ ಎರಡು ಬಾರಿ ಗೆದ್ದವರು, 2009ರಲ್ಲಿ ಬಿಜೆಪಿ ಅಭ್ಯರ್ಥಿಯಾಗಿ ಬೆಂಗಳೂರು ಉತ್ತರದಲ್ಲಿ ಕಾಂಗ್ರೆಸ್ಸಿನ ಹಿರಿಯ ನಾಯಕ ಸಿ.ಕೆ. ಜಾಫರ್ ಷರೀಫ್ ಅವರನ್ನು ಸೋಲಿಸಿ ಲೋಕಸಭೆಗೆ ಹೋದಾಗ, ಮೊದಲಿನ ಮೂರು ದಶಕಗಳ ವಿಚಾರಧಾರೆ ಏನಾಯಿತೆಂದು ಕೇಳುವ ಹಕ್ಕು ಮಲೆನಾಡಿನ ಹಳೆಯ ಬೆಂಬಲಿಗರಿಗೆ ಖಂಡಿತ ಇತ್ತು. ಪಕ್ಷ ಮುರಿದಾಗ ಒಂದು ಕಡೆ ನಿಲ್ಲುವುದು ಬೇರೆ, ಮುರಿಯದ ಪಕ್ಷವನ್ನು ಬಿಟ್ಟು ಎದುರಿನ ಪಕ್ಷದ ಟಿಕೆಟ್ ಪಡೆಯುವುದು ಬೇರೆ. ಆದರೆ ಈ ಸಲವೂ ಅವರು ಒಂದು ಪಕ್ಷದ ಚಿಹ್ನೆಯಲ್ಲಿ ಗೆದ್ದು ಇನ್ನೊಂದರ ಮಡಿಲಲ್ಲಿ ಕೂರಲಿಲ್ಲ. ಹೊಸ ಚಿಹ್ನೆಯನ್ನು ಹಿಡಿದು ಮತ ಕೇಳಿದರು, ಮತದಾರರು ಒಪ್ಪಿದ ಮೇಲೆ ಸದನಕ್ಕೆ ಹೋದರು.

ಅದೇ ಹೊತ್ತಿಗೆ ರಾಜ್ಯದಲ್ಲಿ ಇನ್ನೊಂದು ಮಾದರಿ ರೂಪುಗೊಳ್ಳುತ್ತಿತ್ತು. 2008ರಲ್ಲಿ 110 ಸ್ಥಾನ ಗೆದ್ದು ಬಹುಮತಕ್ಕೆ ಮೂರು ಕಡಿಮೆಯಾದ ಬಿಜೆಪಿಗಾಗಿ ಇತರ ಪಕ್ಷಗಳ ಶಾಸಕರಿಂದ ರಾಜೀನಾಮೆ ಕೊಡಿಸಿ, ಉಪಚುನಾವಣೆಯಲ್ಲಿ ಅವರನ್ನೇ ತನ್ನ ಚಿಹ್ನೆಯಲ್ಲಿ ನಿಲ್ಲಿಸುವ ಕ್ರಮಕ್ಕೆ ‘ಆಪರೇಷನ್ ಕಮಲ’ ಎಂಬ ಹೆಸರು ಬಿತ್ತು. ಹತ್ತನೇ ಅನುಸೂಚಿಯ ಅಕ್ಷರವನ್ನು ಮೀರದೆ ಅದರ ಉದ್ದೇಶವನ್ನು ಸೋಲಿಸುವ ದಾರಿಯಿದು, ಏಕೆಂದರೆ ರಾಜೀನಾಮೆ ಕೊಟ್ಟವನನ್ನು ಪಕ್ಷಾಂತರಿಯೆಂದು ಅನರ್ಹಗೊಳಿಸುವುದು ಸುಲಭವಲ್ಲ. 2019ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಮೈತ್ರಿ ಸರ್ಕಾರದ ಶಾಸಕರು ಗುಂಪಾಗಿ ರಾಜೀನಾಮೆ ಸಲ್ಲಿಸಿದಾಗ ಅವು ಸ್ವಇಚ್ಛೆಯವೇ, ನೈಜವೇ ಎಂಬ 33ನೇ ತಿದ್ದುಪಡಿಯ ಪ್ರಶ್ನೆಯೇ ಮುಂದೆ ಬಂತು. ಸಭಾಧ್ಯಕ್ಷ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ನಿರ್ಬಂಧವನ್ನು ರದ್ದು ಮಾಡಿತು. 15 ಕ್ಷೇತ್ರಗಳ ಉಪಚುನಾವಣೆಯಲ್ಲಿ 12 ಬಿಜೆಪಿಗೆ ಹೋದವು. 1978ರ ಚಿಕ್ಕಮಗಳೂರಿನಲ್ಲಿ ಒಬ್ಬ ಸದಸ್ಯ ಇನ್ನೊಬ್ಬರಿಗಾಗಿ ಸ್ಥಾನ ತೆರವು ಮಾಡಿದ್ದರೆ, ಇಲ್ಲಿ ಸದಸ್ಯರು ಹೊಸ ಚಿಹ್ನೆಯೊಂದಿಗೆ ತಾವೇ ಮರಳಿ ಬರಲು ಸ್ಥಾನ ತೆರವು ಮಾಡಿದರು.

ಚಂದ್ರೇಗೌಡರು ತೀರಿಕೊಂಡ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಕಾಫಿ ಗುಡ್ಡಗಳು ಎರಡು ಪಕ್ಷಾಂತರಗಳನ್ನು ಕಂಡವು. ಬಿಜೆಪಿ ಟಿಕೆಟ್ ನಿರಾಕರಿಸಿದ ಮೇಲೆ ಮೂಡಿಗೆರೆಯ ಶಾಸಕ ಎಂ.ಪಿ. ಕುಮಾರಸ್ವಾಮಿ ಜೆಡಿಎಸ್ ಸೇರಿ ಕಣಕ್ಕಿಳಿದರು. ಚಿಕ್ಕಮಗಳೂರಿನಲ್ಲಿ ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಬಂದ ಎಚ್.ಡಿ. ತಮ್ಮಯ್ಯ ಬಿಜೆಪಿಯ ಸಿ.ಟಿ. ರವಿ ಅವರ ಎದುರು ನಿಂತರು. ತಮ್ಮಯ್ಯ 5,926 ಮತಗಳಿಂದ ಗೆದ್ದರು. ಕಳಸವನ್ನೂ ಒಳಗೊಂಡ ಮೂಡಿಗೆರೆಯಲ್ಲಿ ಕುಮಾರಸ್ವಾಮಿ ಮೂರನೇ ಸ್ಥಾನಕ್ಕೆ ಇಳಿದರಾದರೂ ಅವರು ಪಡೆದ ಮತಗಳು ಗೆಲುವಿನ ಅಂತರಕ್ಕಿಂತ ಹಲವು ಪಟ್ಟು ಹೆಚ್ಚಿದ್ದವು: ಕಾಂಗ್ರೆಸ್ಸಿನ ನಯನಾ ಮೋಟಮ್ಮ ಅಲ್ಲಿ ಬಿಜೆಪಿಯ ದೀಪಕ್ ದೊಡ್ಡಯ್ಯ ಅವರನ್ನು ಹಿಂದಿಕ್ಕಿದ್ದು 722 ಮತಗಳಿಂದ.