ಅಂಗಣ ಬದಲಾದಾಗ

ಅಮೆರಿಕದ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಗೆರೆ ದಾಟುವ ಮಲ್ಲರ ಆಟ. ಅದರ ಚರಿತ್ರೆಯಲ್ಲಿ ಆಂಟೋನಿಯೊ ಗೇಟ್ಸ್ ಎಂಬಾತನ ಕಥೆ ಮನನಯೋಗ್ಯವಾದುದು.

ಕೆಂಟ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಆತ ಆಡಿದುದು ಬಾಸ್ಕೆಟ್‌ಬಾಲ್ ಮಾತ್ರ. 2002ರಲ್ಲಿ ಆತನ ತಂಡ ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ಎಂಟು ತಂಡಗಳಲ್ಲೊಂದಾಯಿತು. ಆದರೂ ಬುಟ್ಟಿಯ ಬಳಿ ಕಾದಾಡುವ ವೃತ್ತಿಪರನಿಗೆ 6 ಅಡಿ 4 ಅಂಗುಲದ ಎತ್ತರ ಸಾಲದೆಂದು ಬಲ್ಲವರು ಎಣಿಸಿದರು. 2003ರಲ್ಲಿ ಸ್ಯಾನ್ ಡಿಯೇಗೊ ಚಾರ್ಜರ್ಸ್ ಫುಟ್‌ಬಾಲ್ ತಂಡ ಆತನನ್ನು ಸೇರಿಸಿಕೊಂಡಿತು. ಎದುರಾಳಿಯನ್ನು ತಡೆಯುವುದೂ ಚೆಂಡನ್ನು ಹಿಡಿಯುವುದೂ ಕೂಡಿದ ‘ಟೈಟ್ ಎಂಡ್’ ಸ್ಥಾನದಲ್ಲಿ ಅದೇ ಎತ್ತರ ಸಂಪತ್ತಾಯಿತು. ಪುಟಿದ ಚೆಂಡಿಗಾಗಿ ಎದುರಾಳಿಯನ್ನು ಬೆನ್ನಿನಿಂದ ಮರೆಮಾಡಿ, ತಕ್ಕ ಕ್ಷಣದಲ್ಲಿ ನೆಗೆಯುವ ಪಳಗಿಕೆ ಇಲ್ಲಿಯೂ ಫಲಿಸಿತು.

ಹಾಗೆಂದು ಎತ್ತರವುಳ್ಳವರೆಲ್ಲ ಗೇಟ್ಸರಾಗಲಾರರು. ಮೈಗೆ ಮೈಯೊಡ್ಡಿ ತಡೆಯುವ ವಿದ್ಯೆಗೆ ಬೇರೆಯದೇ ಸಾಧನೆ ಬೇಕು. ಪ್ರೌಢಶಾಲೆಯಲ್ಲೇ ಬಿಟ್ಟುಬಂದಿದ್ದ ಆಟವನ್ನು ಆತ ಮತ್ತೆ ಕಲಿತನು. 2018ರ ವೇಳೆಗೆ 116 ಬಾರಿ ಚೆಂಡು ಹಿಡಿದು ಅಂಕ ಗಳಿಸಿ, ಆ ಸ್ಥಾನದವರಲ್ಲಿ ಅಗ್ರಗಣ್ಯನಾದನು. 2025ರಲ್ಲಿ ಆ ಆಟದ ಕೀರ್ತಿಭವನವನ್ನು ಸೇರಿದನು.

ಹಿಂದಿನ ಬೆಂಚಿನ ಹುಡುಗನನ್ನು ದಡ್ಡನೆನ್ನುವ ಮುನ್ನ ಅಧ್ಯಾಪಕರಾದ ನಾವು ಕೇಳಿಕೊಳ್ಳಬೇಕಾದುದು ಇದೇ: ಕೊರತೆಯಿರುವುದು ಅವನಲ್ಲಿಯೋ, ನಾವು ಅವನನ್ನು ನಿಲ್ಲಿಸಿದ ಅಂಗಣದಲ್ಲಿಯೋ?